ಕಿವಿ ಮೇಸ್ತ್ರಿಯ ಎಡಬಲ

ಅವನನ್ನು ಎಲ್ಲರೂ ಕಿವಿ ಮೇಸ್ತ್ರಿ ಎಂದು ಕರೆಯುತ್ತಿದ್ದುದು ಅವನ ಕಿವಿ ದೊಡ್ಡದಿತ್ತು ಅಂತಲ್ಲ. ದೊಡ್ಡದೇ ಇತ್ತು, ಅದು ಬೇರೆ ಮಾತು. ಟ್ರಾಕ್ಟರು ಇನ್ನೂ ರಸ್ತೆಯ ತಿರುವಿನಲ್ಲಿ ಇರುವಾಗಲೇ, ಶೆಡ್ಡಿನೊಳಗೆ ಕೂತು, ಯಾವ ಬೇರಿಂಗ್ ಸವೆದಿದೆ, ಯಾವ ನಟ್ಟು ಸಡಿಲವಾಗಿದೆ ಎಂದು ಹೇಳಿಬಿಡುತ್ತಿದ್ದ. ಬೇರೆ ಮೇಸ್ತ್ರಿಗಳು ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಯಂತ್ರಕ್ಕೂ ಇನ್ನೊಂದನ್ನು ಕಿವಿಗೂ ಒತ್ತಿ ಸದ್ದು ಹುಡುಕುತ್ತಾರಲ್ಲ, ಅದನ್ನು ಕಂಡರೆ ಅವನಿಗೆ ನಗು. "ಅದು ಕಲಿಯೋರ ಕೆಲಸ" ಎನ್ನುತ್ತಿದ್ದ. ಮೂವತ್ತೆಂಟು ವರ್ಷ ಆ ಜಂಬ ಸುಸೂತ್ರವಾಗಿ ನಡೆದುಕೊಂಡು ಬಂದಿತ್ತು.

ಅದನ್ನು ಕೆಡಿಸಿದ್ದು ಸೊಪ್ಪಿನಕ್ಕನ ಟ್ರಾಕ್ಟರು. ಸೊಪ್ಪು ಬೆಳೆದು ಮಾರುತ್ತಿದ್ದ ಈ ಹೆಂಗಸಿನ ಟ್ರಾಕ್ಟರು ಅವಳ ಅಪ್ಪನ ಕಾಲದ್ದು. ಅದರ ಹಿಂದಿನ ದೊಡ್ಡ ಗಾಲಿಗಳ ಕಡೆಯಿಂದ ಗರಗರ ಸದ್ದು ಬರತೊಡಗಿತ್ತು. ಅವಳು ಅದನ್ನು ಓಡಿಸಿಕೊಂಡು ಶೆಡ್ಡಿನ ಕಡೆ ಬರುವಾಗ ಮೇಸ್ತ್ರಿ ಬಾಗಿಲಲ್ಲಿ ನಿಂತು ಎದುರಿನಿಂದ ಕೇಳಿಸಿಕೊಂಡ. ಸದ್ದು ತನ್ನ ಬಲಗೈ ಕಡೆಯಿಂದ ಬರುತ್ತಿದೆ. ಎದುರಿಂದ ಬರುವ ಟ್ರಾಕ್ಟರಿಗೆ ಅದು ಎಡಗಾಲಿ. ಅನುಮಾನವೇ ಇಲ್ಲ.

ಹಳೇ ಟ್ರಾಕ್ಟರಿನ ಹಬ್ಬು ಬಿಚ್ಚುವುದೆಂದರೆ ಹಬ್ಬವೇನಲ್ಲ. ಆಳೆತ್ತರದ ಗಾಲಿ ಕಳಚಬೇಕು, ತುಕ್ಕು ಹಿಡಿದ ನಟ್ಟಿಗೆ ಎಣ್ಣೆ ಕುಡಿಸಿ ಕಾಯಬೇಕು, ಪುಲ್ಲರ್ ಹಾಕಿ ಎಳೆಯಬೇಕು, ಬರದಿದ್ದರೆ ಕಾಯಿಸಬೇಕು, ಆಮೇಲೂ ಬರದಿದ್ದರೆ ಬೈಯಬೇಕು. ಎಲ್ಲವನ್ನೂ ಮಾಡಿ ಎಡಗಡೆಗೆ ಹೊಸ ಬೇರಿಂಗ್, ಹೊಸ ಆಯಿಲ್ ಸೀಲ್ ಕೂರಿಸಿ ಕಳಿಸಿದ. ಮೂರನೇ ದಿನ ಟ್ರಾಕ್ಟರು ಗರಗರ ಎನ್ನುತ್ತಲೇ ವಾಪಸು ಬಂತು. ಮೇಸ್ತ್ರಿ ಅದೇ ಬಾಗಿಲಲ್ಲಿ ನಿಂತು ಕೇಳಿದ. ಮತ್ತೆ ಎಡಗಾಲಿಯೇ. ಬಿಚ್ಚಿ ನೋಡಿದರೆ ಬೇರಿಂಗ್ ಹೊಸ ನಾಣ್ಯದ ಹಾಗೆ ಹೊಳೆಯುತ್ತಿತ್ತು. ತೊಳೆದು, ಗ್ರೀಸ್ ತುಂಬಿ, ಮುಚ್ಚಿದ. ಸೊಪ್ಪಿನಕ್ಕ ಹೊರಟಳು. ಅವಳ ಬೆನ್ನ ಹಿಂದೆ ನಿಂತು ಮೇಸ್ತ್ರಿ ಕೇಳಿಸಿಕೊಂಡ. ಸದ್ದು ಈಗ ಬಲಗಾಲಿಯಿಂದ ಬರುತ್ತಿತ್ತು.

ಕೂಗಿ ವಾಪಸು ಕರೆಸಿದ.

"ಮೇಸ್ತ್ರಿ, ಎಡ ಅಂತೀರ, ಬಲ ಅಂತೀರ. ನನಗೂ ತೋಟದ ಕೆಲಸ ಇದೆ. ಇದು ನಿಮ್ಮ ಕೈಲಿ ಆಗುತ್ತೋ ಇಲ್ವೋ ಹೇಳಿಬಿಡಿ" ಎಂದಳು ಸೊಪ್ಪಿನಕ್ಕ. ಅವಳ ಮಾತು ಮೆಣಸಿನಕಾಯಿ, ಆದರೆ ಅವತ್ತು ಅದರಲ್ಲಿ ತಪ್ಪಿರಲಿಲ್ಲ.

"ಇವತ್ತು ಸಂಜೆಯೊಳಗೆ ಆಗಲಿಲ್ಲ ಅಂದ್ರೆ ಈ ಶೆಡ್ಡಿಗೆ ಬೀಗ ಹಾಕ್ತೀನಿ ಅಕ್ಕ. ಸದ್ದು ತಿಳಿಯದ ಮೇಲೆ ನಾನೆಂಥ ಮೇಸ್ತ್ರಿ."

ಬಾಯಿ ತಪ್ಪಿ ಬಂದ ಮಾತಲ್ಲ ಅದು. ಅಡುಗೆಮನೆಯ ಕಿಟಕಿ ಶೆಡ್ಡಿಗೆ ತೆರೆದುಕೊಂಡಿತ್ತು. ಅಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಂಡತಿಯ ಕೈ ನಿಂತಿತು.

ಮೇಸ್ತ್ರಿ ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಹಿಂಭಾಗವನ್ನು ಜಾಕ್ ಏರಿಸಿ, ಆಕ್ಸಲಿನ ಕೆಳಗೆ ಎರಡು ಕಡೆಯೂ ಸ್ಟ್ಯಾಂಡ್ ಇಟ್ಟ. ಸೊಪ್ಪಿನಕ್ಕ ಎಂಜಿನ್ ಹಚ್ಚಿ ಗೇರಿಗೆ ಹಾಕಿದಳು. ದೊಡ್ಡ ಗಾಲಿಗಳೆರಡೂ ಗಾಳಿಯಲ್ಲಿ ನಿಧಾನವಾಗಿ ತಿರುಗತೊಡಗಿದವು. ಹಿಂದೆ ನಿಂತು ಕೇಳಿದ: ಬಲಗಾಲಿ. ಸುತ್ತು ಹಾಕಿ ಮುಂದೆ ಬಂದು, ಟ್ರಾಕ್ಟರಿಗೆ ಮುಖ ಮಾಡಿ ಕೇಳಿದ: ಎಡಗಾಲಿ. ಮತ್ತೆ ಹಿಂದೆ ಹೋದ. ಬಲಗಾಲಿ. ಸದ್ದು ಸಾಕಿದ ನಾಯಿಯ ಹಾಗೆ ಅವನ ಬಲಗೈ ಹಿಡಿದೇ ಸುತ್ತುತ್ತಿತ್ತು. ನಾಲ್ಕು ಸುತ್ತಾದ ಮೇಲೆ ತಲೆ ಸುತ್ತಿ ಬಂದು ಮಡ್‌ಗಾರ್ಡ್ ಹಿಡಿದು ನಿಂತ. ಟ್ರಾಕ್ಟರಿಗೆ ಹುಚ್ಚೋ, ತನಗೆ ಹುಚ್ಚೋ ತಿಳಿಯಲಿಲ್ಲ. ವಯಸ್ಸಾಯಿತು, ಬುದ್ಧಿ ಕೈಕೊಡುತ್ತಿದೆ ಎಂದುಕೊಂಡಾಗ ಅವನಿಗೆ ನಿಜವಾಗಿಯೂ ಭಯವಾಯಿತು.

"ಸಾಕು, ಆಫ್ ಮಾಡಿ ಅಕ್ಕ" ಎಂದ.

ಶೆಡ್ಡು ನಿಶ್ಶಬ್ದವಾಯಿತು. ಮೇಸ್ತ್ರಿ ಕೈ ಒರೆಸುತ್ತ ನಿಂತಿದ್ದ. ಸ್ವಲ್ಪ ಹೊತ್ತಿನ ಮೇಲೆ ಸೀಟಿನ ಮೇಲಿಂದ ಸೊಪ್ಪಿನಕ್ಕ, "ಮೇಸ್ತ್ರಿ, ನಿಮ್ಮ ಮನೆಯೋರು ಆಗಿಂದ ಕರೀತಿದಾರೆ" ಎಂದಳು. ಅವನು ಬಲಗಡೆ ತಿರುಗಿದ. ಯಾರೂ ಇರಲಿಲ್ಲ. ಇನ್ನೂ ಆಚೆ ನೋಡಿದ. ಯಾರೂ ಇಲ್ಲ. ಎಡಗಡೆ, ಕೈಚಾಚಿದರೆ ಸಿಗುವಷ್ಟು ಹತ್ತಿರ, ಎರಡು ಲೋಟ ಚಹಾ ಹಿಡಿದು ಹೆಂಡತಿ ನಿಂತಿದ್ದಳು. ದಿನವೂ ಅವನ ಬಲಗಡೆಗೇ ಬಂದು ಲೋಟ ಕೊಡುವವಳು. ಅವತ್ತು ಆ ದಾರಿಗೆ ಸ್ಟ್ಯಾಂಡೂ ಜಾಕೂ ಅಡ್ಡವಿದ್ದವು.

ಅವಳ ಮುಖ ನೋಡಿದ. ಅವಳು ನೆಲ ನೋಡಿದಳು. ಮಲಗುವ ಜಾಗ ಬದಲಾಯಿಸಿ, ಫ್ಯಾನಿನ ಗಾಳಿ ಆಗೋದಿಲ್ಲ ಎಂದು ಅವಳು ಬಲಗಡೆಗೆ ಬಂದದ್ದು ನೆನಪಾಯಿತು. ಬಸ್ಸಿನಲ್ಲೂ, ಮದುವೆಮನೆಯ ಬೆಂಚಿನ ಮೇಲೂ ಅವಳಿಗೆ ಬಲಗಡೆಯೇ ಬೇಕಾಗುತ್ತಿತ್ತು. ಇದೆಂಥ ಹಟ ಎಂದು ಅವನು ಗೇಲಿ ಮಾಡಿದ್ದೂ ಉಂಟು.

"ಯಾವಾಗಿಂದ ಗೊತ್ತು ನಿಂಗೆ?"

"ಎರಡು ವರ್ಷ ಆಯ್ತು."

"ಹೇಳಬಾರದಿತ್ತಾ?"

"ಹೇಳ್ದೆ. ಎಡಗಡೆ ನಿಂತ್ಕೊಂಡು ಹೇಳ್ದೆ. ನೀವು ತಿರುಗಿ ನೋಡ್ಲಿಲ್ಲ. ಆಮೇಲೆ ಈ ಕಡೆ ಬಂದು ಹೇಳೋಕೆ ಧೈರ್ಯ ಬರ್ಲಿಲ್ಲ ಕಣ್ರೀ. ನಿಮ್ಮ ಹೆಸರೇ ಕಿವಿ."

ಸೊಪ್ಪಿನಕ್ಕ ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಅವಳು ಬಾಯಿ ಮುಚ್ಚಿಕೊಂಡದ್ದನ್ನು ಆ ಬೀದಿ ಕಂಡದ್ದು ಕಡಿಮೆ.

ಮೇಸ್ತ್ರಿಗೆ ಬಹಳ ನಾಚಿಕೆಯಾಯಿತು. ಚಹಾ ಪೂರ್ತಿ ಕುಡಿದು ಲೋಟ ಕೆಳಗಿಟ್ಟು ಕೇಳಿದ: "ಸದ್ದು ಯಾವ ಕಡೆಯಿಂದ ಬರ್ತಿದೆ, ನಿಂಗೇನಾದ್ರೂ ಗೊತ್ತಾಗುತ್ತಾ?"

"ಬೆಳಿಗ್ಗೆಯಿಂದ ಅಡುಗೆಮನೆಗೆ ಕೇಳ್ತಿದೆ. ಆ ಗಾಲಿ" ಎಂದು, ಜನ್ಮದಲ್ಲಿ ಸ್ಪ್ಯಾನರ್ ಮುಟ್ಟದವಳು ಬಲಗಾಲಿಗೆ ಬೆರಳು ತೋರಿದಳು.

ಆಮೇಲೆ ಮೇಸ್ತ್ರಿ ಉದ್ದನೆಯ ಸ್ಕ್ರೂಡ್ರೈವರ್ ಹುಡುಕಿದ. ಎಂಜಿನ್ ಮತ್ತೆ ಹಚ್ಚಿಸಿ, ಹಬ್ಬಿನ ಒಳಬದಿಗೆ ಆಕ್ಸಲಿನ ಕೇಸಿನ ಮೇಲೆ ತುದಿಯಿಟ್ಟು, ಹಿಡಿಯನ್ನು ಬಲಕಿವಿಗೆ ಒತ್ತಿದ, ಥೇಟ್ ಕಲಿಯುವವನ ಹಾಗೆ. ಎಡಗಾಲಿ ತಣ್ಣಗಿತ್ತು. ಬಲಗಾಲಿ ಹಿಟ್ಟಿನ ಗಿರಣಿಯ ಹಾಗೆ ಗರಗುಟ್ಟಿತು. ಬಿಚ್ಚಿದರೆ ಬೇರಿಂಗಿನ ಉರುಳೆಗಳೆಲ್ಲ ಹುಳುಕು ಹಲ್ಲಿನಂತೆ ತೂತುಬಿದ್ದಿದ್ದವು. ಮಧ್ಯಾಹ್ನ ಕಳೆಯುವುದರೊಳಗೆ ಹೊಸದು ಕೂತಿತು.

ಸೊಪ್ಪಿನಕ್ಕ ಸೀಟು ಹತ್ತುತ್ತ, "ಹಾಗಾದ್ರೆ ಬೀಗ?" ಎಂದಳು.

"ಎಲ್ಲೋ ಇಟ್ಟಿದ್ದೆ, ಸಿಗ್ತಿಲ್ಲ" ಎಂದ ಮೇಸ್ತ್ರಿ. ಟ್ರಾಕ್ಟರು ತಿರುವು ದಾಟುವವರೆಗೂ ಅವನು ಗಾಲಿಯನ್ನು ನೋಡಲಿಲ್ಲ, ಹೆಂಡತಿಯ ಮುಖವನ್ನೇ ನೋಡುತ್ತಿದ್ದ. ಅವಳು ಸದ್ದಿಲ್ಲ ಎಂದು ತಲೆಯಾಡಿಸಿದಳು.

ಇಬ್ಬರೂ ಶೆಡ್ಡಿನ ಬೆಂಚಿನ ಮೇಲೆ ಕೂತರು. ಅವಳು ರೂಢಿಯಂತೆ ಬಲಗಡೆಗೆ. ಮೇಸ್ತ್ರಿಯ ತಲೆಯೊಳಗೆ ಇನ್ನೂ ಎಲ್ಲ ಕಲಸುಮೇಲೋಗರ. ಎರಡು ವರ್ಷದಲ್ಲಿ ಎಡಗಡೆಯಿಂದ ಯಾರು ಯಾರು ಏನೇನು ಹೇಳಿ ಹೋದರೋ, ಯಾರಿಗೆ ತಾನು ಉತ್ತರವನ್ನೇ ಕೊಡಲಿಲ್ಲವೋ, ಒಂದೂ ಗೊತ್ತಿಲ್ಲ. ಕೊನೆಗೆ ಅವನಿಗೆ ಒಂದು ನೆನಪಾಯಿತು.

"ಮುಂಚೆ ದಿನಕ್ಕೆರಡು ಸಲ ಬಯ್ತಿದ್ದೆ ನೀನು. ಒಂದು ಕಿವೀಲಿ ಕೇಳಿ ಇನ್ನೊಂದು ಕಿವೀಲಿ ಬಿಡ್ತೀರ ಅಂತ. ಅದನ್ನ ಯಾವತ್ತು ನಿಲ್ಲಿಸಿದೆ?"

ಅವಳು ಖಾಲಿ ಲೋಟಗಳನ್ನು ಒಂದರೊಳಗೊಂದು ಇಟ್ಟಳು.

"ಬಿಡೋಕೆ ಇನ್ನೊಂದು ಕಿವಿ ಇಲ್ಲ ಅಂತ ಗೊತ್ತಾದ ದಿನ" ಎಂದಳು.