ಕೊಡೆಯ ಹಿಡಿಗೆ ಕಟ್ಟಿದ ಚೀಟಿ

ಈ ಬೆಳಿಗ್ಗೆ ಹಾಲು ತರಲು ಹೊರಟಾಗ ಹನಿ ಬೀಳುತ್ತಿತ್ತು. ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ್ದ ಕೊಡೆಯನ್ನು ತೆಗೆದುಕೊಂಡೆ. ಅದರ ಹಿಡಿಗೆ ದಾರದಲ್ಲಿ ಕಟ್ಟಿದ ರಟ್ಟಿನ ಚೀಟಿಯೊಂದು ಇಂದಿಗೂ ಇದೆ. ಗಂಟಿನ ಮೇಲೆ ಕೆಂಪು ಅರಗು. ಒದ್ದೆಯಾದಾಗ ಆ ರಟ್ಟು ಹಳೆಯ ಕಚೇರಿಗಳ ವಾಸನೆ ಬೀರುತ್ತದೆ. ಚೀಟಿಯ ಮೇಲೆ ಒಂದು ಸಂಖ್ಯೆ, ಅದರ ಕೆಳಗೆ ‘ಕಪ್ಪು ಕೊಡೆ, ಒಂದು, ಆರೋಪಿಯಿಂದ ವಶ’ ಎಂಬ ಒಕ್ಕಣೆ. ಆ ಆರೋಪಿ ನಾನೇ. ಗಾಬರಿಯಾಗಬೇಡಿ, ಮುಂದೆ ಓದಿದ ಮಾತ್ರಕ್ಕೆ ನಿಮ್ಮ ಮೇಲೆ ಯಾವ ಕಲಮೂ ಬೀಳುವುದಿಲ್ಲ.

ನಾನು ಶಾಲೆಯಲ್ಲಿ ಕಲಿತದ್ದು ಏಳನೆಯ ತರಗತಿಯವರೆಗೆ. ಉಳಿದದ್ದನ್ನೆಲ್ಲ ಅಚ್ಚುಕೂಟವೊಂದರಲ್ಲಿ ಸೀಸದ ಅಚ್ಚುಮೊಳೆ ಜೋಡಿಸುತ್ತ, ಯಂತ್ರಗಳ ಗಡಗಡ ಸದ್ದಿನ ನಡುವೆ, ತಿರುವುಮುರುವಾದ ಅಕ್ಷರಗಳಿಂದ ಕಲಿತೆ. ಅಲ್ಲಿ ಕಲಿತ ಮುಖ್ಯ ಪಾಠವೆಂದರೆ ಅಚ್ಚಾದದ್ದನ್ನು ಸುಲಭವಾಗಿ ನಂಬಬಾರದೆಂಬುದು. ಒಮ್ಮೆ ಯಾವುದೋ ಕ್ಷೇತ್ರದ ಸ್ಥಳಪುರಾಣವನ್ನು ಜೋಡಿಸುವಾಗ ಕೊನೆಯ ಪುಟದಲ್ಲಿ ನಾಲ್ಕು ಸಾಲು ಖಾಲಿ ಉಳಿಯಿತು. ಯಜಮಾನರು ಇಣುಕಿ ನೋಡಿ, "ಇನ್ನೊಬ್ಬ ಋಷೀನ ಸೇರಿಸಯ್ಯ, ಪುಟ ತುಂಬ್ಲಿ" ಎಂದರು. ಸೇರಿಸಿದೆ. ಕೆಲವು ವರ್ಷಗಳ ಮೇಲೆ ಆ ಋಷಿಗೆ ಅಲ್ಲೊಂದು ಪುಟ್ಟ ಗುಡಿಯೂ ಆಯಿತೆಂದು ತಿಳಿಯಿತು. ಇತಿಹಾಸದ ವಿಷಯದಲ್ಲಿ ನನ್ನ ಅನುಮಾನಬುದ್ಧಿ ಅಂದಿನಿಂದ ಬಂದದ್ದು.

ನಮ್ಮ ಮನೆ ಬಿಳೇಕಹಳ್ಳಿಯ ಹಳೆಯ ಊರಿನ ಕಡೆಗಿದೆ. ಬೀದಿಯ ತಿರುವಿನಲ್ಲಿ, ಮುನಿರಾಜು ಅವರ ಟೈಲ್ಸ್ ಅಂಗಡಿಯ ಪಕ್ಕದಲ್ಲಿ, ಎದೆಮಟ್ಟದ ಒಂದು ಕಲ್ಲು ನಿಂತಿದೆ. ಅದರ ಮೇಲೆ ಸವೆದುಹೋದ ಒಬ್ಬ ಮನುಷ್ಯ, ಅವನ ಕೈಯಲ್ಲಿ ಕತ್ತಿಯೋ ಕೋಲೋ ಹೇಳಲಾಗದ ಒಂದು ವಸ್ತು. ಮುನಿರಾಜು ಅವರ ಹಿರಿಯರು ಇಲ್ಲಿ ರಾಗಿ ಬೆಳೆದವರು. ಇವರು ಬಾಡಿಗೆ ಮನೆಗಳನ್ನು ಬೆಳೆದವರು. ಒಳ್ಳೆಯ ಮನುಷ್ಯ. ಇಪ್ಪತ್ತು ವರ್ಷ ನಾವಿಬ್ಬರೂ ಬೆಳಗಿನ ಕಾಫಿಯನ್ನು ಆ ಕಲ್ಲಿನ ಎದುರೇ ನಿಂತು ಕುಡಿದಿದ್ದೇವೆ. ಹೀಗಿರಲು ಒಂದು ದಿನ ಅವರು ಕಲ್ಲಿನ ಪಕ್ಕದಲ್ಲಿ ಫಲಕವೊಂದನ್ನು ನಿಲ್ಲಿಸಿದರು. ಇದು ಇಂಥ ಅರಸನು ತನ್ನ ಸೇನಾಪತಿಯ ನೆನಪಿಗೆ ಹಾಕಿಸಿದ ಸಾವಿರ ವರ್ಷದ ಕಲ್ಲು ಎಂದು ಅದರಲ್ಲಿ ಬರೆಸಿದ್ದಾರೆಂಬ ಸುದ್ದಿ ಆಗಲೇ ಬೀದಿಯೆಲ್ಲ ಹಬ್ಬಿತ್ತು.

ಅನಾವರಣದ ದಿನ ನಾನೂ ಹೋದೆ. ಫಲಕಕ್ಕೆ ರೇಷ್ಮೆ ಬಟ್ಟೆ ಮುಚ್ಚಿ, ಮೇಲೊಂದು ಚೆಂಡುಹೂವಿನ ಹಾರ ಇಳಿಬಿಟ್ಟಿದ್ದರು. ಮುಖ್ಯ ಅತಿಥಿಗಳು ಸಿಲ್ಕ್ ಬೋರ್ಡಿನ ವಾಹನದಟ್ಟಣೆಯಲ್ಲಿ ಸಿಕ್ಕಿಕೊಂಡಿದ್ದರು. ಮುನಿರಾಜು ಮೈಕು ಹಿಡಿದು ಹೊತ್ತು ಕಳೆಯುತ್ತಿದ್ದರು. ನಾನು ಮುಂದೆ ಹೋಗಿ, ನನ್ನ ನೆನಪಿನಂತೆ ಅತ್ಯಂತ ಮೆಲುದನಿಯಲ್ಲಿ, "ಮುನಿರಾಜು, ಈ ಕಲ್ಲಲ್ಲಿ ಒಂದಕ್ಷರವೂ ಇಲ್ಲ. ರಾಜ ಎಲ್ಲಿಂದ ಬಂದ?" ಎಂದು ಕೇಳಿ, ಕೊಡೆಯಿಂದ ಕಲ್ಲನ್ನು ತೋರಿಸಿದೆ. ಕೊಡೆಯ ತುದಿ ಹಾರಕ್ಕೆ ಸಿಕ್ಕಿತು. ಬಿಡಿಸಿಕೊಳ್ಳಲು ಎಳೆದೆ. ಹಾರವೂ ಬಟ್ಟೆಯೂ ಒಟ್ಟಿಗೆ ಕೆಳಗೆ ಬಂದವು. ಹೀಗೆ ಆ ಫಲಕವನ್ನು ಅನಾವರಣಗೊಳಿಸಿದ ಗೌರವ ನನಗೆ ಸಂದಿತು. ಮುನಿರಾಜು ಸಿಟ್ಟಿನಲ್ಲಿ ಠಾಣೆಗೆ ಫೋನು ಮಾಡಿದರು. ಪೊಲೀಸರು ಬಂದು ಕೊಡೆಯನ್ನು ವಶಪಡಿಸಿಕೊಂಡು ಹೋದರು.

‘ಸಾರ್ವಜನಿಕ ರಸ್ತೆಯಲ್ಲಿ ಜೋರಾಗಿ ಕಿರುಚಾಡಿ, ಕೊಡೆ ಝಳಪಿಸಿ, ಅಸಭ್ಯವಾಗಿ ವರ್ತಿಸಿದ್ದಾರೆ’ ಎಂಬುದು ಕೇಸಿನ ಸಾರಾಂಶ. ಝಳಪಿಸಿದ್ದು ಬೇಕಾದರೆ ವಾದಕ್ಕೆ ಬಿಟ್ಟ ವಿಷಯ. ಆದರೆ ಕಿರುಚಾಡಿದೆನೆಂಬ ಮಾತು ನನ್ನನ್ನು ಚುಚ್ಚಿತು. ಅಂದು ಬಂದೋಬಸ್ತಿಗಿದ್ದ, ಈಗ ಸಮನ್ಸು ತಂದ ಕಾನ್‌ಸ್ಟೇಬಲ್ ಸಮಾಧಾನವಾಗಿಯೇ ಹೇಳಿದರು: "ಏನಿಲ್ಲ ಅಂಕಲ್, ಪೆಟ್ಟಿ ಕೇಸು. ಹೋಗಿ ತಪ್ಪಾಯ್ತು ಅಂದ್ಬಿಡಿ, ಚಿಕ್ಕ ಫೈನು ಹಾಕ್ತಾರೆ, ಮುಗೀತು."

"ಮಾಡದ ತಪ್ಪನ್ನ ಯಾಕೆ ಒಪ್ಕೊಳ್ಳಲಿ?"

"ಎಲ್ರೂ ಒಪ್ಕೋತಾರೆ ಅಂಕಲ್."

ಎಲ್ಲರೂ ಒಪ್ಪುತ್ತಾರೆಂಬ ಕಾರಣಕ್ಕೆ ನಾನು ಈವರೆಗೆ ಏನನ್ನೂ ಒಪ್ಪಿದವನಲ್ಲ. ಒಮ್ಮೆ ತಪ್ಪಾಯಿತೆಂದರೆ ಅದು ಕಡತ ಸೇರುತ್ತದೆ. ಕಡತ ಸೇರಿದ್ದು ನಾಳೆ ಚರಿತ್ರೆಯಾಗುತ್ತದೆ. ನನ್ನ ಆ ಋಷಿಯಂತೆ ಅದಕ್ಕೂ ಒಂದು ಗುಡಿ ಏಳುತ್ತದೆ. ನನ್ನ ಪರವಾಗಿ ನಾನೇ ವಾದಿಸುವೆನೆಂದು ಮನೆಯಲ್ಲಿ ಸಾರಿದೆ. ನನ್ನ ಹೆಂಡತಿ ಹುರುಳಿಕಾಯಿಯ ನಾರು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಇಲ್ಲೇ ವಾದ ಮಾಡಿ, ಅಲ್ಲಿಗೆ ಕೇಳ್ಸತ್ತೆ" ಎಂದಳು. ಅದರಲ್ಲಿದ್ದ ಸಾಕ್ಷ್ಯವನ್ನು ನಾನು ಆಗ ಗಮನಿಸಲಿಲ್ಲ.

ಸಣ್ಣ ಕೇಸುಗಳ ದಿನ ನ್ಯಾಯಾಲಯ ನೋಡಲು ಸೊಗಸಾಗಿರುತ್ತದೆ. ನಡುರಸ್ತೆಯಲ್ಲಿ ಕೇಕು ಕತ್ತರಿಸಿದವರು, ಫುಟ್‌ಪಾತಿನಲ್ಲಿ ಜಡೆ ಹಿಡಿದು ಜಗಳವಾಡಿದ ಇಬ್ಬರು ಹೂವಿನವರು, ಎಲ್ಲರೂ ಸಾಲಾಗಿ ನಿಂತು, ಹೆಸರು ಕೂಗಿದೊಡನೆ ಕೈಮುಗಿದು, "ತಪ್ಪಾಯ್ತು ಮೇಡಂ" ಎನ್ನುತ್ತ ಸಾಗುತ್ತಿದ್ದರು. ಪಕ್ಕದ ಹೂವಿನಾಕೆ ನನ್ನ ತೋಳನ್ನು ತಿವಿದು, "ತಾತ, ಮೂರು ಸಲ ಕೂಗಿದ್ರು, ನೀವೇ ಅಲ್ವಾ?" ಎಂದಳು. ಕೂಗುವವನ ಉಚ್ಚಾರ ಸ್ಪಷ್ಟವಿಲ್ಲವೆಂದು ಮನಸ್ಸಿನಲ್ಲಿ ಗುರುತು ಹಾಕಿಕೊಂಡು ಮುಂದೆ ಹೋದೆ.

"ತಪ್ಪು ಒಪ್ಕೋತೀರಾ?" ಎಂದರು ನ್ಯಾಯಾಧೀಶೆ. ನನ್ನ ಮಗಳ ವಯಸ್ಸಿನವರು.

"ಇಲ್ಲ" ಎಂದೆ. ಸಾಲು ನಿಂತುಹೋಯಿತು. ಗುಮಾಸ್ತರು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು.

ಹೀಗಾಗಿ ವಿಚಾರಣೆಗೆ ಬೇರೊಂದು ದಿನ ಗೊತ್ತಾಯಿತು. ಅಷ್ಟರೊಳಗೆ ಹಳೆಯ ಪುಸ್ತಕದಂಗಡಿಯ ದಪ್ಪ ಕಾನೂನು ಗ್ರಂಥವೊಂದನ್ನು ಮೂರು ಸಲ ಓದಿ ಮುಗಿಸಿದೆ. ಅಚ್ಚಿನ ತಪ್ಪುಗಳನ್ನೂ ತಿದ್ದಿದೆ. ಅಂದು ನನ್ನ ಕೊಡೆ ಮೇಜಿನ ಮೇಲೆ ಅರಗಿನ ಮುದ್ರೆ ಹೊತ್ತು ಮಲಗಿತ್ತು. ಮೊದಲ ಸಾಕ್ಷಿ ಅದೇ ಕಾನ್‌ಸ್ಟೇಬಲ್. ಪಾಟೀಸವಾಲಿಗೆ ಎದ್ದು ನಿಂತೆ.

"ಆ ಹೊತ್ತಿನಲ್ಲಿ ನೀವು ಎಲ್ಲಿ ನಿಂತಿದ್ರಿ?"

"ರಸ್ತೆ ಆ ಕಡೆ, ಟೀ ಅಂಗಡಿ ಹತ್ರ."

ಇದಕ್ಕಾಗಿಯೇ ನಾನು ಕಾದಿದ್ದೆ. "ನಡುವೆ ಬಸ್ಸು, ಲಾರಿ ಓಡಾಡ್ತಿದ್ವು. ಮುನಿರಾಜು ಮೈಕಿನಲ್ಲಿ ಮಾತಾಡ್ತಿದ್ರು. ಅಷ್ಟು ದೂರದಲ್ಲಿ ನನ್ನ ಮಾತು ನಿಮಗೆ ಕೇಳಿಸಿತು ಅಂತೀರಾ?"

"ಮೈಕಲ್ಲಿ ಅವ್ರು ಹೇಳಿದ್ದು ಗೊತ್ತಾಗ್ಲಿಲ್ಲ ಸಾರ್. ನಿಮ್ದು ಮಾತ್ರ ಪೂರ್ತಿ ಕೇಳಿಸ್ತು."

ಹಿಂದಿನ ಬೆಂಚಿನಲ್ಲಿ ನಗು ಹಬ್ಬಿತು. ಅಷ್ಟರಲ್ಲಿ ಪಕ್ಕದ ನ್ಯಾಯಾಲಯದ ಜವಾನನೊಬ್ಬ ಬಾಗಿಲಲ್ಲಿ ಕಾಣಿಸಿಕೊಂಡು, ನಮ್ಮ ಗುಮಾಸ್ತರ ಕಿವಿಯಲ್ಲಿ ಏನೋ ಹೇಳಿ ಹೋದ. ಗುಮಾಸ್ತರು ಅದನ್ನು ನ್ಯಾಯಾಧೀಶೆಗೆ ತಿಳಿಸಿದರು. ಅವರು ಕನ್ನಡಕ ತೆಗೆದು ಕೇಳಿದರು: "ನೀವೀಗ ಮೆಲ್ಲಗೆ ಮಾತಾಡ್ತಿದೀರಾ?"

"ಹೌದು ಮೇಡಂ. ನ್ಯಾಯಾಲಯಕ್ಕೆ ತಕ್ಕ ಹಾಗೆ."

"ಪಕ್ಕದ ಕೋರ್ಟಿನಲ್ಲಿ ಸಾಕ್ಷಿ ನುಡಿಯೋರಿಗೆ ತೊಂದರೆ ಆಗ್ತಿದೆಯಂತೆ. ಮೊದಲು ಏನು ಕೆಲಸ ಮಾಡ್ತಿದ್ರಿ?"

"ಅಚ್ಚುಕೂಟದಲ್ಲಿ ಮೊಳೆ ಜೋಡಿಸ್ತಿದ್ದೆ. ನಲವತ್ತು ವರ್ಷ."

"ಯಂತ್ರದ ಪಕ್ಕದಲ್ಲಾ?"

ಯಂತ್ರದ ಪಕ್ಕದಲ್ಲೇ. ಅಲ್ಲಿ ನಾವೆಲ್ಲ ಹೀಗೆಯೇ ಮಾತನಾಡುತ್ತಿದ್ದೆವು. ಗುಟ್ಟುಗಳನ್ನೂ ಹೀಗೆಯೇ ಹೇಳಿಕೊಳ್ಳುತ್ತಿದ್ದೆವು. ಅರಸರನ್ನೂ ಋಷಿಗಳನ್ನೂ ಸಾಲಾಗಿ ನಿಲ್ಲಿಸಿ ಸಾಕ್ಷಿ ಕೇಳುತ್ತಿದ್ದ ನಾನು, ನನ್ನ ದನಿಯ ಬಗ್ಗೆ ನಾನೇ ಬರೆದುಕೊಂಡ ಸ್ಥಳಪುರಾಣವನ್ನು ಒಮ್ಮೆಯೂ ತಿದ್ದಿ ನೋಡಿರಲಿಲ್ಲ. ಮುಂದಿನ ಪ್ರಶ್ನೆಗಳ ಹಾಳೆ ನನ್ನ ಕೈಯಲ್ಲೇ ಉಳಿಯಿತು.

ಕೊನೆಗೆ ಮುನಿರಾಜು ಸಾಕ್ಷಿಕಟ್ಟೆ ಹತ್ತಿದರು. ಆರು ತಿಂಗಳಿಂದ ನಾವಿಬ್ಬರೂ ಕಾಫಿ ಕುಡಿದಿರಲಿಲ್ಲ. ನಾನು ಪ್ರಶ್ನೆಗಳ ಹಾಳೆಯನ್ನು ಮಡಚಿ ಜೇಬಿಗಿಟ್ಟೆ. ನ್ಯಾಯಾಧೀಶೆಯೇ, "ಇವರು ನಿಮ್ಮನ್ನ ಬೈದರಾ? ಹೊಡೆಯೋಕೆ ಬಂದರಾ?" ಎಂದರು.

ಮುನಿರಾಜು ನನ್ನನ್ನೊಮ್ಮೆ, ಕೊಡೆಯನ್ನೊಮ್ಮೆ ನೋಡಿದರು. "ಇಲ್ಲ ಮೇಡಂ. ಸಾರ್ ಬೈಲಿಲ್ಲ. ಪ್ರಶ್ನೆ ಕೇಳಿದ್ರು. ದಿನಾ ಹಂಗೇ ಕೇಳ್ತಾರೆ. ಆವತ್ತು ಜನ ಇದ್ರು, ನಂಗೆ ಉತ್ತರ ಗೊತ್ತಿರ್ಲಿಲ್ಲ, ಅದ್ಕೆ ಸಿಟ್ಟು ಬಂತು."

ನನ್ನನ್ನು ಖುಲಾಸೆ ಮಾಡಿದರು. ದನಿ ಜೋರಾಗಿತ್ತೆಂಬುದು ನಿಜ, ಆದರೆ ಪ್ರಶ್ನೆ ಕೇಳುವುದು ಅಸಭ್ಯತೆಯಲ್ಲ ಎಂದು ತೀರ್ಪು. ನಾನು ಯಾವ ಮಾತನ್ನು ಸ್ಥಾಪಿಸಲು ಹೋಗಿದ್ದೆನೋ ಅದು ಸುಳ್ಳಾಗಿ, ಯಾವುದನ್ನು ವಾದಿಸಲೇ ಇಲ್ಲವೋ ಅದರಿಂದ ಗೆದ್ದು, ಕೊಡೆ ಹಿಡಿದು ಹೊರಬಂದೆ. ಹೊರಗೆ ಮುನಿರಾಜು ಸ್ಕೂಟರ್ ಮೇಲೆ ಕಾಯುತ್ತಿದ್ದರು. "ಬನ್ನಿ ಸಾರ್, ಕೂತ್ಕೊಳಿ. ಹಂಗಾದ್ರೆ ಅದು ಯಾರ ಕಲ್ಲು, ನೀವೇ ಹೇಳಿ."

"ನನಗೂ ಗೊತ್ತಿಲ್ಲ" ಎಂದೆ. ಹಾಗೆ ಹೇಳಿದ್ದು ಅದೇ ಮೊದಲಿರಬೇಕು. ಅವರು ಬಹಳ ಹೊತ್ತು ನಕ್ಕರು.

ಆ ಮೇಲೆ ನನ್ನ ಕಿವಿಗೆ ಕೇಳುವ ಯಂತ್ರ ಬಂತು. ಫಲಕದಿಂದ ಅರಸ ಹೋದ. ಈಗ ಅಲ್ಲಿ ‘ನಮ್ಮ ಹಿರಿಯರು ಪೂಜಿಸಿಕೊಂಡು ಬಂದ ಕಲ್ಲು’ ಎಂದಷ್ಟೇ ಇದೆ. ಈ ಬೆಳಿಗ್ಗೆ ಹಾಲು ಹಿಡಿದು ಬರುವಾಗ ಮುನಿರಾಜು ಕಲ್ಲಿನ ಎದುರು ಎರಡು ಲೋಟ ಕಾಫಿಯೊಡನೆ ನಿಂತಿದ್ದರು. ಕೊಡೆಯೊಳಗೆ ಅವರನ್ನೂ ಸೇರಿಸಿಕೊಂಡೆ. ಅವರು ಚೀಟಿಯನ್ನು ಬೆರಳಿನಿಂದ ತಟ್ಟಿ, "ಇದನ್ನ ಯಾಕೆ ಸಾರ್ ಇನ್ನೂ ಇಟ್ಕೊಂಡಿದೀರಿ?" ಎಂದರು.

ಹೇಳಿದೆ.

"ಏನಂದ್ರಿ?" ಎಂದು ಅವರು ಕಿವಿಯನ್ನು ನನ್ನ ಬಾಯಿಯ ಬಳಿಗೆ ತಂದರು. "ಈಚೆಗೆ ನೀವು ಮಾತಾಡೋದೇ ಕೇಳ್ಸಲ್ಲ ಸಾರ್. ಸ್ವಲ್ಪ ಜೋರಾಗಿ ಹೇಳಿ."