ದಿನಾ ಬೆಳಿಗ್ಗೆ ಮದುವೆಯಾಗುತ್ತಿದ್ದ ಮೇಷ್ಟ್ರು

ನಮ್ಮ ಸಂಸ್ಥೆಗೆ ಮೂರು ಕಾಲೇಜು: ಕಡೂರು, ತರೀಕೆರೆ, ಅಜ್ಜಂಪುರ. ಮೂರಕ್ಕೂ ಸೇರಿ ಕಂಪ್ಯೂಟರ್ ನೋಡಿಕೊಳ್ಳುವವಳು ನಾನೊಬ್ಬಳೇ, ಕೂರುವುದು ಕಡೂರಿನಲ್ಲಿ. ಪ್ರಿಂಟರ್‌ನಲ್ಲಿ ಕಾಗದ ಸಿಕ್ಕಿಕೊಂಡರೂ ನನ್ನನ್ನೇ ಕರೆಯುತ್ತಾರೆ, ಫ್ಯಾನ್ ತಿರುಗದಿದ್ದರೂ ನನ್ನನ್ನೇ. ಫ್ಯಾನಿಗೂ ನನಗೂ ಏನು ಸಂಬಂಧ ಎಂದು ಜಗಳ ಮಾಡಿ ಸಾಕಾಗಿ ಈಗ ಫ್ಯಾನನ್ನೂ ರಿಪೇರಿ ಮಾಡುತ್ತೇನೆ. ನಲವತ್ತು ಹತ್ತಿರ ಬಂತು. ಮದುವೆಯ ಮಾತೆತ್ತಿದರೆ ಸಿಡುಕುತ್ತಾಳೆ ಎಂದು ಆಫೀಸಿನಲ್ಲಿ ನನಗೊಂದು ಹೆಸರೂ ಇದೆ.

ಒಂದು ಸೋಮವಾರ ಅಜ್ಜಂಪುರದ ಭೌತಶಾಸ್ತ್ರದ ಮೇಷ್ಟ್ರು ಫೋನ್ ಮಾಡಿದರು. ಬುಕ್ಕಾಂಬುಧಿಯವರು, ವಯಸ್ಸು ಮೂವತ್ತು ದಾಟಿದೆ, ಮೆತ್ತನೆಯ ಮನುಷ್ಯ.

"ಮೇಡಂ, ನಮ್ ಕಾಲೇಜ್ ಆ್ಯಪಲ್ಲಿ ನಂಗೆ ಮದ್ವೆ ಆಗ್ಬಿಟ್ಟಿದೆ."

"ಒಳ್ಳೇದಾಯ್ತು ಬಿಡಿ ಸಾರ್."

"ತಮಾಷೆ ಅಲ್ಲ ಮೇಡಂ. ಭಾನುವಾರ ತರೀಕೆರೆಗೆ ಹೆಣ್ಣು ನೋಡಕ್ಕೆ ಹೋಗ್ಬೇಕು. ಹುಡುಗಿ ಸೋದರಮಾವ ಅಲ್ಲಿ ನಮ್ ಕಾಲೇಜಲ್ಲೇ ಲೈಬ್ರರಿ ನೋಡ್ಕೊಳ್ಳೋರು. ಅವ್ರೇನಾದ್ರೂ ಆ್ಯಪ್ ತೆಗ್ದು ನೋಡಿದ್ರೆ ನನ್ ಕತೆ ಮುಗೀತು."

ಹಿಂದೆ ಬಂದ ಸಂಬಂಧಗಳೆಲ್ಲ ಅವರಿಗೆ ಒಂದಲ್ಲ ಒಂದು ನೆಪಕ್ಕೆ ತಪ್ಪಿಹೋಗಿದ್ದವು. ಈ ಹುಡುಗಿಯ ಫೋಟೊ ನೋಡಿದ್ದೇ ತಡ, ಹೊಸ ಚಪ್ಪಲಿ ತಂದಿಟ್ಟುಕೊಂಡಿದ್ದರಂತೆ. ಆ ಚಪ್ಪಲಿಯ ಸುದ್ದಿ ಕೇಳಿ ನನಗೆ ನಿಜಕ್ಕೂ ಅಯ್ಯೋ ಅನ್ನಿಸಿತು.

ಆ್ಯಪ್ ಮಾಡಿಸಿದ್ದು ಸಿಬ್ಬಂದಿಗೆ ಒಬ್ಬರ ಫೋನ್ ನಂಬರ್ ಇನ್ನೊಬ್ಬರಿಗೆ ಸಿಗಲಿ ಎಂದು. ಅದರಲ್ಲಿ ಮದುವೆಯ ವಿಚಾರವನ್ನೂ ಊರಿಗೆಲ್ಲ ಕಾಣುವಂತೆ ಇಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ತೆಗೆಯಿರಿ ಎಂದು ಆ್ಯಪ್ ಮಾಡಿಕೊಟ್ಟ ಕಂಪನಿಗೆ ಮೇಲ್ ಹಾಕಿದರೆ ಉತ್ತರವೇ ಇಲ್ಲ. ಸರಿ, ಮೇಷ್ಟ್ರ ಪುಟ ತೆರೆದು 'ಅವಿವಾಹಿತ' ಎಂದು ತಿದ್ದಿ, ಟೀ ಕುಡಿಯಲು ಹೋದೆ.

ಮಾರನೆಯ ಬೆಳಿಗ್ಗೆ ಮೇಷ್ಟ್ರು ಮತ್ತೆ ವಿವಾಹಿತ. ತಿದ್ದಿದೆ. ಬುಧವಾರ ಮತ್ತೆ ಮದುವೆ. ನಾನು ಬಿಡಿಸುವುದು, ಅದು ಕಟ್ಟಿಸುವುದು. ನಮ್ಮಲ್ಲಿ ಸಿಬ್ಬಂದಿ ವಿಭಾಗದ ದಾಖಲೆ ಬೇರೆ, ಆ್ಯಪ್ ಓದುವ ನನ್ನ ಪಟ್ಟಿ ಬೇರೆ. ಬೆಳಕು ಹರಿಯುವ ಮುಂಚೆ ಒಂದು ಪ್ರೋಗ್ರಾಮ್ ತಾನೇ ಎದ್ದು ಅಲ್ಲಿರುವುದನ್ನು ಇಲ್ಲಿಗೆ ತಂದು ಬರೆಯುತ್ತದೆ. ಅದೇ ಹಾಳಾಗಿದೆ ಎಂದು ಅರ್ಧ ದಿನ ಅದನ್ನು ಬೈದುಕೊಂಡು ಹುಡುಕಿದೆ. 'ಎಲ್ಲ ಸರಿಯಾಗಿದೆ' ಎಂದಷ್ಟೇ ವರದಿ ಕೊಟ್ಟಿತು. ಅದು ಹೇಳಿದ್ದು ನಿಜವೇ. ಅಲ್ಲಿ ಇದ್ದದ್ದನ್ನು ಇದ್ದಂತೆ ತಂದಿತ್ತು. ಮೂಲದಲ್ಲೇ ಮೇಷ್ಟ್ರಿಗೆ ಮದುವೆಯಾಗಿತ್ತು.

ಮೂಲ ಎಂದರೆ ಮಹಡಿಯ ಮೇಲೆ ಸಿಬ್ಬಂದಿ ವಿಭಾಗದಲ್ಲಿ ಕೂರುವ ದೊಡ್ಡ ಗುಮಾಸ್ತೆ. ರಿಟೈರ್ ಆಗಲು ಹತ್ತಿರವಿರುವ, ಎಲ್ಲರೂ ಅಕ್ಕ ಎಂದು ಕರೆಯುವ ಹೆಂಗಸು. ದಾಖಲೆಯನ್ನೆಲ್ಲ ಕಂಪ್ಯೂಟರಿಗೆ ಹತ್ತಿಸಿದ್ದು ಅವರೇ. ದಡದಡ ಮೆಟ್ಟಿಲು ಹತ್ತಿ ಹೋಗಿ ಕೇಳಿದೆ.

"ಅಕ್ಕಾ, ಆ ಮೇಷ್ಟ್ರಿಗೆ ಮದ್ವೆ ಆಗಿದೆ ಅಂತ ಯಾಕೆ ಹಾಕಿದ್ರಿ?"

"ಆಗ್ಲಿ ಅಂತ ಕಣವ್ವ."

ನಾನು ಅವರೆದುರಿನ ಕುರ್ಚಿ ಎಳೆದುಕೊಂಡು ಕೂತೆ.

"ವಯಸ್ಸಿಗೆ ಬಂದ ಗಂಡಿನ ಹೆಸ್ರ ಮುಂದೆ ಇಲ್ಲ ಅನ್ನೋ ಮಾತ ಕೈಯಾರೆ ಬರೀಲಾ? ಮನೇಲಿ ಅಕ್ಕಿ ಮುಗುದ್ರೆ ಮುಗೀತು ಅಂತೀವಾ? ಹೆಚ್ಚೈತೆ ಅಂತೀವಿ. ಮನೆಯಿಂದ ಹೊರಡೋವಾಗ ನೀನು ಹೋಯ್ತೀನಿ ಅಂತೀಯಾ? ಬತ್ತೀನಿ ಅಂತೀಯ."

"ಕಂಪ್ಯೂಟರಿಗೆ ಅದೆಲ್ಲ ಗೊತ್ತಾಗಲ್ಲ ಅಕ್ಕ!"

"ಗೊತ್ತಾಗ್ದಿದ್ರೆ ನೀನು ಹೇಳ್ಕೊಡು. ಅದುಕ್ಕೇ ತಾನೆ ನಿನ್ನ ಇಟ್ಕೊಂಡಿರೋದು?"

ಏನು ಮಾಡಿದರೂ ತಿದ್ದಲು ಒಪ್ಪಲಿಲ್ಲ. ಅವರ ದಾಖಲೆ ಮುಟ್ಟುವ ಅಧಿಕಾರ ನನಗಿಲ್ಲ. ಕೆಳಗೆ ಬಂದು, ಆ ಒಂದು ಖಾನೆಯ ತಂಟೆಗೆ ಹೋಗಬೇಡ ಎಂದು ಪ್ರೋಗ್ರಾಮಿಗೆ ಕಟ್ಟು ಹಾಕಿದೆ. ಗುರುವಾರ ಬೆಳಿಗ್ಗೆ ಮೇಷ್ಟ್ರು ಬ್ರಹ್ಮಚಾರಿಯಾಗಿಯೇ ಎದ್ದರು. ನಾನು ಗೆದ್ದೆ ಅಂದುಕೊಂಡೆ.

ಮಧ್ಯಾಹ್ನ ಮೇಷ್ಟ್ರ ಫೋನ್. ಸೋದರಮಾವ ಮೊದಲ ದಿನದಿಂದಲೇ ಆ್ಯಪ್ ನೋಡುತ್ತಿದ್ದರಂತೆ! "ಬೆಳಿಗ್ಗೆ ನೋಡಿದ್ರೆ ಸಂಸಾರಿ, ಮಧ್ಯಾಹ್ನ ನೋಡಿದ್ರೆ ಬ್ರಹ್ಮಚಾರಿ. ಇವನ ಹೆಂಡ್ತಿ ದಿನಾ ತವರಿಗೆ ಹೋಯ್ತಾಳಾ?" ಎಂದು ಕೇಳಿ, ಭಾನುವಾರ ಬರುವುದು ಬೇಡ ಅಂದುಬಿಟ್ಟಿದ್ದರು. ನಾನು ತಿದ್ದಿ ತಿದ್ದಿಯೇ ಅನುಮಾನ ಬೆಳೆಸಿದ್ದೆ.

ಮೇಷ್ಟ್ರಿಂದ ಹುಡುಗಿಯ ಮನೆಯ ನಂಬರ್ ತೆಗೆದುಕೊಂಡು, ಕೋಪದಲ್ಲಿ ಮತ್ತೆ ಮಹಡಿ ಹತ್ತಿ, ಕರೆ ಹಚ್ಚಿ ಅಕ್ಕನ ಮುಂದೆ ಫೋನ್ ಇಟ್ಟೆ. "ಹುಡುಗಿ ತಾಯಿಗೆ ನೀವೇ ಹೇಳಿ" ಅಂದೆ. ಅಕ್ಕ ಸೆರಗು ಸರಿಮಾಡಿಕೊಂಡು, ಕನ್ನಡಕ ತೆಗೆದಿಟ್ಟು, ಮಾತಾಡಿದರು. "ನಾನೇ ಹಾಕಿದ್ದು ತಾಯಿ. ಪಾಪ, ಆ ಹುಡ್ಗುಂಗೆ ಒಳ್ಳೇದಾಗ್ಲಿ ಅಂತ."

ಸ್ಪೀಕರ್ ಹಾಕಿದ್ದರಿಂದ ಆ ತಾಯಿಯ ಮಾತು ನನಗೂ ಕೇಳುತ್ತಿತ್ತು.

"ಮತ್ತೇನು, ಅವಿವಾಹಿತ ಅಂತ ಬರ್ಯಕ್ಕಾಯ್ತದಾ?" ಎಂದಿತು ಆ ಕಡೆಯ ದನಿ. "ಈ ನನ್ ತಮ್ಮಂಗೆ ಅಷ್ಟೂ ತಿಳೀಬಾರ್ದಾ! ಭಾನುವಾರ ಬರಾಕ್ ಹೇಳಿ."

ಆಮೇಲೆ ಇಬ್ಬರೂ ನನ್ನ ಫೋನಿನಲ್ಲಿ ಉಪ್ಪಿನಕಾಯಿಯ ವಿಷಯ ಮಾತಾಡಿದರು. ಚಾರ್ಜ್ ಮುಗಿಯಿತು.

ಮದುವೆ ತರೀಕೆರೆಯಲ್ಲೇ ಆಯಿತು. ಮೇಷ್ಟ್ರ ದಾಖಲೆಗೆ ಹೆಂಡತಿಯ ಹೆಸರು ಸೇರಿಸುವಾಗ ಅಕ್ಕ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡರು. "ನೋಡು, ನಾನು ಹಾಕಿದ್ದು ಸುಳ್ಳಾಯ್ತಾ?" ಎಂದು ಚುಚ್ಚಿ, ಟೀ ತರಲು ಎದ್ದು ಹೋದರು. ಊರವರ ಪುಟವೆಲ್ಲ ನೋಡಿದವಳು ನನ್ನದನ್ನು ಒಮ್ಮೆಯೂ ತೆರೆದಿರಲಿಲ್ಲ. ಅವರ ಕಂಪ್ಯೂಟರಿನಲ್ಲಿ ತೆರೆದೆ.

ವಿವಾಹಿತೆ ಎಂದಿತ್ತು. ಮೊದಲು ಮೈಯೆಲ್ಲ ಉರಿಯಿತು. ಕೆಳಗೆ ಗಂಡನ ಹೆಸರಿನ ಖಾನೆಯನ್ನೂ ಅಕ್ಕ ಖಾಲಿ ಬಿಟ್ಟಿರಲಿಲ್ಲ. 'ಬತ್ತಾನೆ' ಎಂದು ಬರೆದಿದ್ದರು.

ಎಷ್ಟು ಹೊತ್ತು ಅದನ್ನೇ ನೋಡುತ್ತ ಕೂತಿದ್ದೆನೋ. ಕೋಣೆಯಲ್ಲಿ ಯಾರೂ ಇಲ್ಲದ್ದು ಒಳ್ಳೆಯದಾಯಿತು. ಅಕ್ಕ ಎರಡು ಲೋಟ ಟೀ ಹಿಡಿದು ಬಂದು, ನನ್ನನ್ನೂ ಪರದೆಯನ್ನೂ ನೋಡಿದರು.

"ಏನಾರ ತಿದ್ದೋದೈತೇನವ್ವ?"

"ಇಲ್ಲ ಅಕ್ಕ," ಅಂದೆ. "ಎಲ್ಲ ಸರಿಯಾಗಿದೆ."