ತಪ್ಪಿನ ಕೆಳಗೆ ಹೆಸರು ಕೇಳಿದ ಖುಶ್ನುಮಾ

ಗುಂಜಿ ನಿಲ್ದಾಣದಲ್ಲಿ ರೈಲು ನಿಂತಾಗ ಕಾಡಿನ ಕಡೆಯ ಮಂಜು ಇನ್ನೂ ಹಳಿ ಬಿಟ್ಟು ಎದ್ದಿಲ್ಲ. ಖುಶ್ನುಮಾ ಮೊದಲು ನನ್ನ ಚೀಲ ಇಳಿಸಿ, ಆಮೇಲೆ ನನ್ನ ಕೈ ಹಿಡಿಯುತ್ತಾರೆ. ಅವರ ಬಗಲಲ್ಲಿ ಮಡಚಿದ ಕರಡು ಪುಟವಿದೆ. ಬೆಳಗಾವಿಯ ಹಿಂದವಾಡಿಯಿಂದ ಬರುವ ‘ನೆಮ್ಮದಿ’ ಎಂಬ ಪುಟ್ಟ ಆರೋಗ್ಯ ಮಾಸಿಕದ ನಿದ್ದೆಯ ಪುಟ ಅದು.

ಆ ಪುಟವನ್ನು ಬರೆಯುವವರು ಡಾಕ್ಟರ್ ಕಾಂತಾ. ಅಚ್ಚಿಗೆ ಕಳಿಸುವವರು ಸಂಪಾದಕ ಈರಯ್ಯ. ಬರೆದ ಮಾತಿಗೆ ಆಧಾರವೇನು, ಅದು ಹಳೆಯದಾಯಿತೇ, ಹಾಸಿಗೆ ಮಾರುವವರ ಜಾಹೀರಾತಿನ ನೆರಳು ಅದರ ಮೇಲೆ ಬಿದ್ದಿದೆಯೇ ಎಂದು ನೋಡುವವರು ಖುಶ್ನುಮಾ. ಅವರ ಹೆಸರು ಪತ್ರಿಕೆಯಲ್ಲಿ ಎಲ್ಲೂ ಇಲ್ಲ.

ತಂದೆ ಬುರಾನುದ್ದೀನ ಗಡಿಯಾರ ರಿಪೇರಿ ಮಾಡಿ ಮಗಳನ್ನು ಬಿ.ಎಸ್ಸಿ. ಓದಿಸಿದರು. ಓದು ಮುಗಿದ ಮೇಲೆ ಆಕೆಗೆ ಸಿಕ್ಕಿದ್ದು ಛಾಪಖಾನೆಯಲ್ಲಿ ಲಗ್ನಪತ್ರಿಕೆಯ ಕರಡು ತಿದ್ದುವ ಕೆಲಸ. “ಅಲ್ಲಿ ತಪ್ಪಾದ್ರ ಬೀಗರ ಬಂದು ಜಗಳಾ ತಗೀತಿದ್ರು. ಇಲ್ಲಿ ತಪ್ಪಾದ್ರ ಯಾರೂ ಬರಂಗಿಲ್ರಿ. ಅದಕ್ಕ ನಾನ ಹೋಗಬೇಕು” ಎನ್ನುತ್ತಾರೆ. ಹಾಗಾಗಿಯೇ ಪ್ರತಿ ಸಂಚಿಕೆಗೂ ಮುನ್ನ ಈ ಗುಂಜಿಯ ದಾರಿ. ಇಲ್ಲಿಯ ಹೆಂಗಸರಿಗೆ ಕರಡು ಓದಿ ಹೇಳುತ್ತಾರೆ. ‘ಅರ್ಥ ಆತೇನು’ ಎಂದು ಕೇಳುವುದಿಲ್ಲ. ಹೋದ ತಿಂಗಳದ್ದನ್ನು ಓದಿ ಏನು ಮಾಡಿದಿರಿ ಎಂದು ಕೇಳುತ್ತಾರೆ.

ನಾನೂ ಪತ್ರಿಕೆಗಳಿಗೆ ಬರೆಯುತ್ತಲೇ ಮುದುಕಿಯಾದವಳು. ಹೆಸರು, ಫೋಟೋ ಎಲ್ಲ ಬಂದಿವೆ. ಆದರೆ ಒಲೆಯ ಮೇಲೆ ಚಹಾ ಇಟ್ಟುಕೊಂಡು ನನಗಾಗಿ ಯಾವ ಭೀಮಕ್ಕನೂ ಕಾದಿಲ್ಲ. ಖುಶ್ನುಮಾಗಾಗಿ ಗುಂಜಿಯ ಈ ಭೀಮಕ್ಕ ಕಾಯುತ್ತಾಳೆ. ಬಾಗಿಲಲ್ಲೇ “ಬರ್ರಿ ಬಾಯಾರ, ಕುಂದರ್ರಿ” ಎಂದು ಚಾಪೆ ಹಾಸುತ್ತಾಳೆ. ಹೊಟ್ಟೆಕಿಚ್ಚನ್ನು ಚಹಾದ ಜೊತೆ ನುಂಗುತ್ತೇನೆ.

ಹೋದ ತಿಂಗಳ ಪುಟ ಗೊರಕೆಯದು. ಭೀಮಕ್ಕ ಒಳಗಿನಿಂದ ಗಂಡನ ಬನಿಯನ್ ತಂದು ಹಿಡಿಯುತ್ತಾಳೆ. ಅದರ ಬೆನ್ನಿಗೆ ಅರಿವೆಯ ಚೆಂಡು ಹೊಲಿದಿದ್ದಾಳೆ. “ಅಂಗಾತ ಮಕ್ಕೊಂಡ್ರ ಒತ್ತತೈತಿ, ತಾನ ಮಗ್ಗಲಾಗ್ತಾರ. ನೀವ ಬರದಿದ್ರೆಲ್ಲಾ, ಮಗ್ಗಲಾದ್ರ ಗೊರಕಿ ಕಮ್ಮಿ ಆಕ್ಕೈತಿ ಅಂತ!”

“ಈಕಿನ್ನ ಲಗ್ನಾದ ಮ್ಯಾಲ ನನ್ನ ಬೆನ್ನಿಗೆ ಗೂನ ಬಂತ್ರಿ” ಎಂದು ಹಲ್ಲುಜ್ಜುತ್ತಲೇ ನಗುತ್ತಾನೆ ಗಂಡ ತಮ್ಮಣ್ಣ. ಖಾನಾಪುರಕ್ಕೆ ಟೆಂಪೊ ಹೊಡೆಯುವವನು ಆತ.

“ಈಗ ಗೊರಕಿ ನಿಂತಾವೇನು?” ಖುಶ್ನುಮಾ ಕೇಳುತ್ತಾರೆ.

“ನಡುನಡುಕ ಪೂರಾ ಬಂದ್ ಆಗ್ತಾವ್ರಿ. ಉಸಿರಿನ ಸಪ್ಪಳ ಸುದ್ದಾ ಇರಂಗಿಲ್ಲ. ಛಲೋ ನಿದ್ದಿ ಹತ್ತೇತಿ ಅಂತ ನಾನೂ ಕಣ್ಣ ಮುಚ್ಚತೀನಿ. ಆಮ್ಯಾಲ ಒಮ್ಮಿಗಿಲೇ, ನೀರಾಗಿಂದ ಎದ್ದವರಂಗ ಉಸಿರ ಜಗ್ಗತಾರ.”

ಖುಶ್ನುಮಾ ಬಟ್ಟಲು ಕೆಳಗಿಡುತ್ತಾರೆ. “ತಮ್ಮಣ್ಣಾ, ಗಾಡಿ ಹೊಡಿಬೇಕಾದ್ರ ಜೋಂಪು ಹತ್ತೈತೇನು?”

“ಖಾನಾಪುರದ ಹಾದಿ ಗಾಡಿಗೆ ಗೊತ್ತೈತ್ರಿ. ನಾ ಮಕ್ಕೊಂಡ್ರೂ ಅದ ಹೊಕ್ಕೈತಿ!”

ಯಾರೂ ನಗುವುದಿಲ್ಲ. ಗೊರಕೆಯ ನಡುವೆ ಉಸಿರೇ ನಿಂತು, ಹಗಲು ತೂಕಡಿಕೆ ಬರುತ್ತಿದ್ದರೆ ಮಗ್ಗಲಾದರೆ ಸಾಲದು, ವೈದ್ಯರಿಗೆ ತೋರಿಸಬೇಕು. ಕಾಂತಾ ಹಾಗೆಂದೇ ಬರೆದಿದ್ದರು. ಆದರೆ ಚಿತ್ರ ದೊಡ್ಡದಾಗಿ ಜಾಗ ಸಾಲದೆ, ಕೊನೆಯ ಗಳಿಗೆಯಲ್ಲಿ ಆ ಸಾಲನ್ನು ತೆಗೆದವರು ಖುಶ್ನುಮಾ. ವೈದ್ಯರು ನೋಡಿ ಒಪ್ಪಿದ ಮೇಲೆ ಒಂದು ಮಾತು ತೆಗೆದರೂ ಮತ್ತೆ ಅವರಿಗೇ ತೋರಿಸಬೇಕೆಂಬುದು ‘ನೆಮ್ಮದಿ’ಯ ನಿಯಮ. ಅಂದು ಕಾಂತಾ ಫೋನಿಗೆ ಸಿಗಲಿಲ್ಲ, ಪುಟ ಹಾಗೇ ಹೋಯಿತು.

ಇದನ್ನೆಲ್ಲ ಖುಶ್ನುಮಾ ಆ ಚಾಪೆಯ ಮೇಲೆಯೇ ಹೇಳುತ್ತಾರೆ. ಭೀಮಕ್ಕನ ಮುಖ ಕೆಂಪಾಗುತ್ತದೆ. “ಅಂದ್ರ ನಿಮ್ಮ ಮಾತ ನಂಬಿ ನಾ ಬಾಜುಕ ಆರಾಮ ಮಕ್ಕೊಂಡೆನೇನ್ರಿ, ಇಷ್ಟ ದಿನ?”

“ತಪ್ಪು ನಂದ ಐತ್ರಿ, ಭೀಮಕ್ಕಾ. ಇವತ್ತ ದವಾಖಾನಿಗೆ ಹೋಗೂಣು.”

ತಮ್ಮಣ್ಣ ತಲೆ ಅಲ್ಲಾಡಿಸುತ್ತಾನೆ. “ಛಾಪಾ ಆಗಿದ್ದು ಒಂದು, ನೀವು ಬಾಯಿಲೆ ಹೇಳೂದು ಒಂದು. ಇದೂ ಛಾಪಾ ಆಗಿ ಬರ್ಲಿ. ಆವಾಗ ಬರತೀನಿ.”

ಭೀಮಕ್ಕ ಗೂಟದ ಮೇಲಿನ ಟೆಂಪೊ ಕೀಲಿ ತೆಗೆದು ಸೆರಗಿಗೆ ಗಂಟು ಹಾಕಿಕೊಳ್ಳುತ್ತಾಳೆ. ಅಷ್ಟು ಸಿಟ್ಟಿನಲ್ಲೂ, ಹೊರಟ ಖುಶ್ನುಮಾ ಕೈಗೆ ರೊಟ್ಟಿಯ ಗಂಟು ಕೊಡುವುದನ್ನು ಮರೆಯುವುದಿಲ್ಲ.

ಮಧ್ಯಾಹ್ನ ಹಿಂದವಾಡಿಯ ಕಚೇರಿ. ತಿದ್ದುಪಡಿ ಕೊನೆಯ ಪುಟದ ಮೂಲೆಯಲ್ಲಿ ಬರಲಿ ಎನ್ನುತ್ತಾರೆ ಈರಯ್ಯ. ತಪ್ಪು ಬಂದ ಪುಟದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಬರಬೇಕೆಂದು ಖುಶ್ನುಮಾ ಹಟ ಹಿಡಿಯುತ್ತಾರೆ. ಅದನ್ನು ಒಪ್ಪಿಸಿದ ಮೇಲೆ ಇನ್ನೊಂದು ಬೇಡಿಕೆ: “ಕೆಳಗ ನನ್ನ ಹೆಸರು ಹಾಕ್ರಿ, ಸರ.”

“ಮಂದಿ ಛಲೋದಕ್ಕ ಹೆಸರು ಕೇಳ್ತಾರ. ನೀವು ತಪ್ಪಿಗೆ ಕೇಳಾಕತ್ತೀರಲ್ರಿ!”

“ಪುಟದ ತಲಿಮ್ಯಾಲ ಡಾಕ್ಟರ್ ಫೋಟೋ ಐತಿ. ನನ್ನ ಹೆಸರಿಲ್ದಿದ್ರ ತಪ್ಪು ಅವರದ ಅಂತಾರ.”

ಹೊರಗೆ ಬಂದಾಗ ನಾನು ಕೇಳುತ್ತೇನೆ, ಆ ಫೋಟೋ ನೋಡಿ ಎಂದೂ ಏನೂ ಅನ್ನಿಸಿಲ್ಲವೇ ಎಂದು. ಖುಶ್ನುಮಾ ನಗುತ್ತಾರೆ. “ಖರೇ ಹೇಳ್ಲಿ? ಭಾಳ ಹೊಟ್ಟಿಕಿಚ್ಚ ಆಕ್ಕೈತ್ರಿ. ನನ್ನ ಮಗಳು ಸಾಯಿರಾ ಪುಟಾ ತಿರುವಿ ತಿರುವಿ, ‘ಅಮ್ಮಿ, ನೀ ಖರೇನ ಅಲ್ಲೇ ಕೆಲಸಾ ಮಾಡ್ತಿಯೇನು?’ ಅಂತಾಳ.”

ಸಂಚಿಕೆ ಹೊರಬಂದ ವಾರವೇ ಶಿವಬಸವ ನಗರದಲ್ಲಿ ಕಾಂತಾ ಅವರ ದವಾಖಾನೆಯ ಬಾಕಿನ ಮೇಲೆ ತಮ್ಮಣ್ಣ ಕೂತಿದ್ದಾನೆ. ಕಿಸೆಯಲ್ಲಿ ಮಡಚಿದ ಆ ಪುಟ. ಗಂಡನಿಗೇ ಕೇಳಿಸದ ಅವನ ಉಸಿರಿನ ಕಥೆಯನ್ನು ಭೀಮಕ್ಕ ಡಾಕ್ಟರಿಗೆ ಹೇಳುತ್ತಿದ್ದಾಳೆ. ಮಲಗಿದಾಗ ಉಸಿರು ಅಳೆಯುವ ಪರೀಕ್ಷೆಗೆ ದಿನ ನಿಗದಿಯಾಗುತ್ತದೆ. ಕೀಲಿ ಇನ್ನೂ ಅವಳ ಸೆರಗಿನಲ್ಲೇ ಇದೆ.

ಹೊರಬರುವಾಗ ಭೀಮಕ್ಕ ಖುಶ್ನುಮಾಗೆ ಹೇಳುತ್ತಾಳೆ: “ಮುಂದಿನ ಪುಟಾ ತಗೊಂಡ ಬರ್ರಿ. ಈ ಸಲ ನಾನೂ ಮತ್ತ ಮತ್ತ ಕೇಳಾಕಿ.” ಇಂಥ ಬೈಗುಳದಂಥ ಪ್ರೀತಿ ನನ್ನ ಬರಹಕ್ಕೆ ಎಂದೂ ಸಿಕ್ಕಿಲ್ಲ. ಹೊಟ್ಟೆಕಿಚ್ಚಿನಿಂದಲೇ ಇದನ್ನೂ ಬರೆದಿಡುತ್ತಿದ್ದೇನೆ.

ಖುಶ್ನುಮಾ ಮಾತ್ರ ತಮ್ಮಣ್ಣನ ಕಿಸೆಯ ಕಡೆ ನೋಡುತ್ತಾರೆ. “ಮೊದಲ್ನೇ ಸಲ ಹೆಸರ ಬಂತ್ರಿ, ಅದೂ ತಪ್ಪಿನ ಕೆಳಗ. ಇರ್ಲಿ. ಓದಬೇಕಾದವ ಓದಿದ್ನಲ್ಲ.”